ಪೆಟ್ಟಿಗೆ ತರಿಸುವುದಾ, ಗೋಡೆ ತರಿಸುವುದಾ? ಕಡಿಮೆ ಬಾಡಿಗೆಯ ಮರದ ಮನೆ ಕಟ್ಟಿಸುವವರಿಗೊಂದು ಹೋಲಿಕೆ

ಮರದ ಮಾಡ್ಯೂಲ್ ಮನೆ ಅಂದ ಕೂಡಲೇ ಎಲ್ಲರೂ ತೋರಿಸುವುದು ಒಂದೇ ಥರದ ವಿಡಿಯೋ. ಲಾರಿ ಬರುತ್ತದೆ, ಕ್ರೇನ್ ಒಂದು ಇಡೀ ಕೋಣೆಯನ್ನು ಎತ್ತುತ್ತದೆ, ಒಳಗೆ ಬಚ್ಚಲಿನ ಟೈಲ್ಸ್, ಕಿಟಕಿಯ ಗಾಜು, ಅಡುಗೆಮನೆಯ ಕಪಾಟು ಎಲ್ಲ ಆಗಲೇ ಕೂತಿರುತ್ತವೆ. ಬೆಂಕಿಪೊಟ್ಟಣ ಜೋಡಿಸಿದ ಹಾಗೆ ಒಂದರ ಮೇಲೊಂದು ಇಟ್ಟು ನೋಡನೋಡುತ್ತಾ ನಾಲ್ಕು ಮಹಡಿ ಎಬ್ಬಿಸಿಬಿಡುತ್ತಾರೆ. ನೋಡೋಕೆ ಚೆಂದ. ಆದರೆ ಅದಕ್ಕೆ ಮುಂಚೆ ಎಷ್ಟು ತಿಂಗಳು ನಕ್ಷೆ ತಿದ್ದಿದರು, ಆ ಲಾರಿ ಯಾವ ರಸ್ತೆಯಲ್ಲಿ ಬಂತು, ಇಪ್ಪತ್ತು ವರ್ಷದ ಮೇಲೆ ಆ ಬಚ್ಚಲು ಸೋರಿದರೆ ಯಾರು ಎಲ್ಲಿಂದ ಬಿಚ್ಚುತ್ತಾರೆ, ಇದ್ಯಾವುದೂ ವಿಡಿಯೋದಲ್ಲಿ ಇರುವುದಿಲ್ಲ.

ಸಾಮಾಜಿಕ ವಸತಿ, ಅಂದರೆ ಕಡಿಮೆ ಆದಾಯದವರಿಗೆ ಕಡಿಮೆ ಬಾಡಿಗೆಯ ಮನೆ ಕಟ್ಟಿಸುವವರಿಗೆ, ಅದು ನಗರಸಭೆ ಇರಲಿ, ಸಹಕಾರ ಸಂಘ ಇರಲಿ, ಟ್ರಸ್ಟ್ ಇರಲಿ, ಆ ಕೊನೆಯ ಪ್ರಶ್ನೆಯೇ ದೊಡ್ಡದು. ಕಟ್ಟಿ ಮಾರಿ ಹೋಗುವ ಬಿಲ್ಡರ್‌ಗೆ ಅದರ ಚಿಂತೆ ಇಲ್ಲ. ನಿಮಗೆ ಇದೆ. ಐವತ್ತು ವರ್ಷ ಆ ಕಟ್ಟಡದ ಮಾಲೀಕರು ನೀವೇ, ರಿಪೇರಿ ಖರ್ಚು ಬಂತು ಅಂತ ಬಾಡಿಗೆ ಏರಿಸುವ ಹಾಗೂ ಇಲ್ಲ. ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನವರಿಗೆ ಪೂರ್ತಿ ಪೆಟ್ಟಿಗೆ, ಅಂದರೆ ಆ ವಿಡಿಯೋದಲ್ಲಿ ಕಾಣುವ ಇಡೀ ಕೋಣೆ, ಬೇಕಾಗಿಲ್ಲ. ಫ್ಯಾಕ್ಟರಿಯಲ್ಲೇ ಮುಗಿಸಿದ ಗೋಡೆ ಮತ್ತು ನೆಲದ ಪ್ಯಾನೆಲ್‌ಗಳು, ಜೊತೆಗೆ ಬಚ್ಚಲು ಮಾತ್ರ ರೆಡಿಮೇಡ್ ಪೆಟ್ಟಿಗೆ. ಅಷ್ಟು ಸಾಕು. ಪೆಟ್ಟಿಗೆಯೇ ಗೆಲ್ಲುವ ಕಡೆಗಳೂ ಇವೆ, ಅಲ್ಲಿ ಅದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ.

ಒಂದೇ ಹೆಸರು, ನಾಲ್ಕು ಸಾಮಾನು

'ಮರದ ಪ್ರೀಫ್ಯಾಬ್' (ಫ್ಯಾಕ್ಟರಿಯಲ್ಲಿ ಮಾಡಿ ಸೈಟಿಗೆ ತರುವುದು) ಅಂತ ಒಂದೇ ಬೋರ್ಡ್ ಹಾಕಿಕೊಂಡು ನಾಲ್ಕು ಬೇರೆ ಬೇರೆ ಸಾಮಾನು ಮಾರುತ್ತಾರೆ. ಕೊಟೇಶನ್ ಹೋಲಿಸುವಾಗ ಗೊಂದಲ ಆಗುವುದೇ ಇಲ್ಲಿ.

ಮೊದಲನೆಯದು ಓಪನ್ ಪ್ಯಾನೆಲ್. ಮರದ ಚೌಕಟ್ಟು, ಅದರ ಒಂದು ಮೈಗೆ ಹೊಡೆದ ಹಲಗೆ, ಅಷ್ಟೇ. ಶಾಖ ತಡೆಯುವ ಹತ್ತಿ, ವೈರು, ಪೈಪು, ಒಳಗಿನ ಬೋರ್ಡು ಎಲ್ಲ ಸೈಟಿನಲ್ಲಿ. ಎರಡನೆಯದು ಕ್ಲೋಸ್ಡ್ ಪ್ಯಾನೆಲ್. ಅದೇ ಗೋಡೆ, ಆದರೆ ಎರಡೂ ಕಡೆ ಮುಚ್ಚಿ, ಹತ್ತಿ ತುಂಬಿ, ಕಿಟಕಿ ಕೂರಿಸಿ ಕಳಿಸುತ್ತಾರೆ. ಮೂರನೆಯದು ಸಿಎಲ್‌ಟಿ, ಅಂದರೆ ಕ್ರಾಸ್ ಲ್ಯಾಮಿನೇಟೆಡ್ ಟಿಂಬರ್. ಹಲಗೆಗಳನ್ನು ಪಕ್ಕಪಕ್ಕ ಜೋಡಿಸಿ ಒಂದು ಪದರ, ಅದರ ಮೇಲೆ ಅಡ್ಡಡ್ಡ ಇನ್ನೊಂದು ಪದರ, ಹೀಗೆ ಮೂರು, ಐದು, ಏಳು ಪದರ ಅಂಟಿಸಿ ಒತ್ತಿದ ದಪ್ಪ ಚಪ್ಪಡಿ. ಕೊಯ್ದ ಅಂಚನ್ನು ನೋಡಿದರೆ ಪ್ಲೈವುಡ್‌ನ ಅಣ್ಣನ ಹಾಗೆ ಕಾಣುತ್ತದೆ, ಒಂದೊಂದು ಪದರವೂ ಹೆಬ್ಬೆರಳಿನಷ್ಟು ದಪ್ಪ. 1990ರ ದಶಕದಲ್ಲಿ ಆಸ್ಟ್ರಿಯಾ, ಜರ್ಮನಿ ಕಡೆ ಬೆಳೆದ ತಂತ್ರ ಇದು. ಇಲ್ಲಿ ಕಂಬ, ತೊಲೆ ಅಂತ ಬೇರೆ ಬೇಕಿಲ್ಲ, ಚಪ್ಪಡಿಯೇ ಗೋಡೆ, ಚಪ್ಪಡಿಯೇ ನೆಲ.

ನಾಲ್ಕನೆಯದು ವಿಡಿಯೋದಲ್ಲಿ ಬರುವ ಪೆಟ್ಟಿಗೆ, ಅಂದರೆ ಆರೂ ಮೈ ಮುಚ್ಚಿದ ಇಡೀ ಕೋಣೆ. ಪೆಟ್ಟಿಗೆಯ ಗೋಡೆ ತೆಳು ಚೌಕಟ್ಟಿನದ್ದೂ ಆಗಿರಬಹುದು, ಸಿಎಲ್‌ಟಿಯದ್ದೂ ಆಗಿರಬಹುದು. ಆದ್ದರಿಂದ ಯಾರಾದರೂ "ಮಾಡ್ಯುಲರಾ, ಸಿಎಲ್‌ಟಿಯಾ?" ಅಂತ ಕೇಳಿದರೆ ಪ್ರಶ್ನೆಯೇ ತಪ್ಪು. ಒಂದು ಎಷ್ಟು ಕೆಲಸ ಫ್ಯಾಕ್ಟರಿಯಲ್ಲಿ ಮುಗಿಯುತ್ತದೆ ಅನ್ನುವ ಮಾತು, ಇನ್ನೊಂದು ಯಾವ ಮರದ ಸರಕು ಅನ್ನುವ ಮಾತು.

ಪೆಟ್ಟಿಗೆ ಗೆಲ್ಲುವುದು ಎಲ್ಲಿ

ಒಂದೇ ಅಳತೆಯ ಸಣ್ಣ ಕೋಣೆಗಳು ನೂರಾರು ಬೇಕಿದ್ದಾಗ. ಹ್ಯಾಂಬರ್ಗ್‌ನಲ್ಲಿ 2017ರಲ್ಲಿ ಮುಗಿದ 'ವುಡಿ' ವಿದ್ಯಾರ್ಥಿ ನಿಲಯದಲ್ಲಿ 371 ಮರದ ಪೆಟ್ಟಿಗೆಗಳಿವೆ. ಒಬ್ಬರಿಗೆ ಒಂದು ಪೆಟ್ಟಿಗೆ, ಅದೇ ಮಂಚದ ಜಾಗ, ಅದೇ ಬಚ್ಚಲು. ಕೆಳಗಿನ ಅಂತಸ್ತು ಮತ್ತು ಮೆಟ್ಟಿಲಿನ ಗೂಡು ಕಾಂಕ್ರೀಟಿನವು. ಫ್ಯಾಕ್ಟರಿಗೆ ಇದಕ್ಕಿಂತ ಖುಷಿಯ ಆರ್ಡರ್ ಇನ್ನೊಂದಿಲ್ಲ, ಯಾಕಂದರೆ ಹತ್ತನೇ ಪೆಟ್ಟಿಗೆಯಲ್ಲಿ ಕಂಡ ತಪ್ಪನ್ನು ಹನ್ನೊಂದನೆಯದರಲ್ಲೇ ತಿದ್ದಬಹುದು.

ಸಂಸಾರ ಮಾಡುವ ಮನೆಗೂ ಪೆಟ್ಟಿಗೆ ಆಗುತ್ತದೆ. ಫಿನ್ಲೆಂಡಿನ ಯುವಾಸ್ಕುಲಾದ ಪುಕುವೊಕ್ಕಾ ನನಗೆ ಇಷ್ಟವಾದ ಉದಾಹರಣೆ. ಎಂಟು ಅಂತಸ್ತು, ಮೊದಲ ಕಟ್ಟಡ ಮುಗಿದದ್ದು 2015ರಲ್ಲಿ. ಒಂದು ಮನೆಗೆ ಎರಡು ಸಿಎಲ್‌ಟಿ ಪೆಟ್ಟಿಗೆ: ಒಂದರಲ್ಲಿ ಹಾಲ್, ಮಲಗುವ ಕೋಣೆ, ಬಾಲ್ಕನಿ, ಇನ್ನೊಂದರಲ್ಲಿ ಬಚ್ಚಲು, ಅಡುಗೆಮನೆ, ಬಾಗಿಲ ಬಳಿಯ ಜಾಗ. ಗಮನಿಸಿ, ನೀರಿನ ಕೆಲಸವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಮುಗಿಯಿತು, ಇನ್ನೊಂದಕ್ಕೆ ಬಚ್ಚಲು, ಅಡುಗೆಮನೆಯ ಪೈಪು ಹೋಗುವುದಿಲ್ಲ. ಮನೆಯ ಬೆಲೆಯ 7% ಮೊದಲು ಕಟ್ಟಿ, ಸರ್ಕಾರದ ಖಾತ್ರಿಯ ಸಾಲದ ಮೇಲೆ 20 ವರ್ಷ ಬಾಡಿಗೆ ಕಟ್ಟಿದರೆ ಮನೆ ನಿಮ್ಮದಾಗುವ ವ್ಯವಸ್ಥೆಯೂ ಅಲ್ಲಿತ್ತು. ಫ್ಯಾಕ್ಟರಿ ಬಗ್ಗೆ ಮಾತಾಡುವವರು ಇಂಥ ಹಣದ ಲೆಕ್ಕವನ್ನು ಮರೆತೇಬಿಡುತ್ತಾರೆ, ಕಡಿಮೆ ಆದಾಯದವರಿಗೆ ಮನೆ ಕೈಗೆಟುಕುವುದು ಮರದಿಂದಲ್ಲ, ಇದರಿಂದ.

ಪೆಟ್ಟಿಗೆಗೆ ಇನ್ನೊಂದು ಒಳ್ಳೆಯ ಜಾಗ ಅಂದರೆ ಸುತ್ತ ಜನ ಆಗಲೇ ವಾಸವಿರುವ ಕಡೆ. ಹಳೆ ವಸತಿ ಕಾಲೊನಿಯ ನಡುವಿನ ಖಾಲಿ ಜಾಗ, ಆಸ್ಪತ್ರೆಯ ಪಕ್ಕ, ಶಾಲೆಯ ಹಿಂದೆ. ಧೂಳು, ಗಲಾಟೆ ಕಡಿಮೆ, ಕೆಲಸ ಬೇಗ ಮುಗಿಯುತ್ತದೆ.

ಸೋಲುವುದು ಎಲ್ಲಿ

ರಸ್ತೆಯಲ್ಲಿ. ಸುಮ್ನೆ ಒಂದು ದಿನ ಟೇಪು ಹಿಡಿದು ಫ್ಯಾಕ್ಟರಿಯಿಂದ ಸೈಟಿನವರೆಗಿನ ದಾರಿಯಲ್ಲಿ ಓಡಾಡಿ ಬನ್ನಿ. ಪೆಟ್ಟಿಗೆಯ ಅಗಲ ಸಾಮಾನ್ಯವಾಗಿ ಮೂರರಿಂದ ನಾಲ್ಕು ಮೀಟರ್, ಅದನ್ನು ತೀರ್ಮಾನಿಸುವುದು ಆರ್ಕಿಟೆಕ್ಟ್ ಅಲ್ಲ, ರಸ್ತೆ. ಸೇತುವೆಯ ಎತ್ತರ, ತಿರುವಿನ ಮೂಲೆ, ತಂತಿ, ಮರದ ಕೊಂಬೆ, ಕೊನೆಗೆ ಕ್ರೇನ್ ಕಾಲೂರಲು ಗಟ್ಟಿ ನೆಲ. ಇದರಲ್ಲಿ ಒಂದು ತಪ್ಪಿದರೂ ಪೆಟ್ಟಿಗೆಯ ಯೋಚನೆ ಅಲ್ಲಿಗೇ ಬಿಡಿ. ಅದೂ ಅಲ್ಲದೆ ಪೆಟ್ಟಿಗೆ ಸಾಗಿಸುವುದೆಂದರೆ ಜಾಸ್ತಿ ಗಾಳಿಯನ್ನೇ ಸಾಗಿಸಿದ ಹಾಗೆ. ಪ್ಯಾನೆಲ್ ಆದರೆ ಪುಸ್ತಕ ಜೋಡಿಸಿದಂತೆ ನಿಲ್ಲಿಸಿ ತರುತ್ತಾರೆ, ಲಾರಿ ಎಣಿಕೆಯಲ್ಲೇ ವ್ಯತ್ಯಾಸ ಕಾಣುತ್ತದೆ.

ಎರಡನೆಯದು ದುಪ್ಪಟ್ಟು ಸರಕು. ಪೆಟ್ಟಿಗೆಯ ಪಕ್ಕ ಪೆಟ್ಟಿಗೆ ಇಟ್ಟರೆ ನಡುವೆ ಎರಡು ಗೋಡೆ. ಮೇಲೆ ಇಟ್ಟರೆ ಕೆಳಗಿನದರ ಚಾವಣಿ, ಮೇಲಿನದರ ನೆಲ, ಮತ್ತೆ ಎರಡು. ಸದ್ದು ತಡೆಯಲು ಇದು ಒಳ್ಳೆಯದೇ, ಪಕ್ಕದ ಮನೆಯ ಟಿವಿ ನಿಮ್ಮ ಮನೆಗೆ ಕೇಳಿಸುವುದಿಲ್ಲ. ಆದರೆ ಪ್ರತಿ ಅಂತಸ್ತಿಗೂ ಎತ್ತರ ಹೆಚ್ಚುತ್ತದೆ. ಎತ್ತರದ ಮಿತಿ ಇರುವ ಕಡೆ ಒಂದು ಇಡೀ ಅಂತಸ್ತನ್ನೇ ಇದು ತಿಂದುಹಾಕಬಹುದು.

ಮೂರನೆಯದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಪೆಟ್ಟಿಗೆ ಆರ್ಡರ್ ಕೊಟ್ಟರೆ ನಿಮ್ಮ ಜುಟ್ಟು ಒಂದೇ ಫ್ಯಾಕ್ಟರಿಯ ಕೈಗೆ ಹೋಗುತ್ತದೆ. ಪೆಟ್ಟಿಗೆ ಫ್ಯಾಕ್ಟರಿಗೆ ಭಾರೀ ಬಂಡವಾಳ, ಸಂಬಳದ ಪಟ್ಟಿ ದೊಡ್ಡದು, ಆರ್ಡರ್ ಬರಲಿ ಬಿಡಲಿ ಖರ್ಚು ನಿಲ್ಲುವುದಿಲ್ಲ. ಮನೆ ಕಟ್ಟುವ ಕಸುಬಿನಲ್ಲಿ ಅನುಮತಿ ಮೂರು ತಿಂಗಳು ತಡವಾಗುವುದು ಮಾಮೂಲು, ಫ್ಯಾಕ್ಟರಿಗೆ ಆ ಮೂರು ತಿಂಗಳು ಉಸಿರುಗಟ್ಟಿದ ಹಾಗೆ. ಫ್ಯಾಕ್ಟರಿಯಲ್ಲಿ ಕಟ್ಟಡದ ಭಾಗ ಮಾಡುತ್ತಿದ್ದ ಅಮೆರಿಕದ ಕಟೆರಾ ಕಂಪನಿ ಭಾರೀ ಹೂಡಿಕೆ ಎತ್ತಿಯೂ 2021ರಲ್ಲಿ ದಿವಾಳಿ ಅರ್ಜಿ ಹಾಕಿತು. ಬ್ರಿಟನ್ನಿನಲ್ಲಿ ವಿಮಾ ಕಂಪನಿ ಲೀಗಲ್ ಅಂಡ್ ಜನರಲ್ ತನ್ನ ಮಾಡ್ಯುಲರ್ ಮನೆಗಳ ತಯಾರಿಕೆಯನ್ನು 2023ರಲ್ಲಿ ನಿಲ್ಲಿಸುವುದಾಗಿ ಹೇಳಿತು, ಅದೇ ವರ್ಷ ಅಂಥದ್ದೇ ಮನೆ ಮಾಡುತ್ತಿದ್ದ ಇಲ್ಕೆ ಹೋಮ್ಸ್ ಕಂಪನಿಯೂ ಮುಳುಗಿತು. ಇವೆಲ್ಲ ಮರದ ಪೆಟ್ಟಿಗೆ ಮಾಡುವ ಕಂಪನಿಗಳೇ ಅಂತಲ್ಲ. ಆದರೆ ಪಾಠ ಒಂದೇ. ಅರ್ಧ ಪೆಟ್ಟಿಗೆ ಬಂದು ಫ್ಯಾಕ್ಟರಿ ಮುಚ್ಚಿದರೆ ಉಳಿದರ್ಧವನ್ನು ಬೇರೆಯವರಿಂದ ಮಾಡಿಸುವುದು ಬಹಳ ಕಷ್ಟ, ಅಳತೆ, ಜಾಯಿಂಟು, ಪೈಪಿನ ಜಾಗ ಯಾವುದೂ ಹೊಂದುವುದಿಲ್ಲ. ಚೌಕಟ್ಟಿನ ಪ್ಯಾನೆಲ್ ಆದರೆ ನಕ್ಷೆ ಹಿಡಿದು ಇನ್ನೊಬ್ಬರ ಹತ್ತಿರ ಹೋಗಬಹುದು, ತೀರಾ ಅಂದರೆ ನುರಿತ ಬಡಗಿಗಳ ತಂಡವೇ ಸೈಟಿನಲ್ಲಿ ಕಟ್ಟಿ ಮುಗಿಸಬಹುದು.

ಗೋಡೆ ತರಿಸಿ ಕಟ್ಟಿದವರು

ಪ್ಯಾನೆಲ್ ಅಂದರೆ ನಿಧಾನ ಅಂತ ಅಂದುಕೊಳ್ಳಬೇಡಿ. ಲಂಡನ್ನಿನ ಮರ್ರೆ ಗ್ರೋವ್‌ನಲ್ಲಿ 2009ರಲ್ಲಿ ಒಂಬತ್ತು ಅಂತಸ್ತಿನ, 29 ಮನೆಗಳ ಕಟ್ಟಡ ಎದ್ದಿತು. ಕೆಳಗಿನ ಅಂತಸ್ತು ಕಾಂಕ್ರೀಟು, ಮೇಲಿನ ಎಂಟು ಸಿಎಲ್‌ಟಿ. ಆ ಎಂಟನ್ನು ನಿಲ್ಲಿಸಿದ್ದು ನಾಲ್ಕು ಜನ ಬಡಗಿಗಳು, 27 ಕೆಲಸದ ದಿನಗಳಲ್ಲಿ. ಮಿಲಾನ್‌ನ ವಿಯಾ ಚೆನ್ನಿ ಪೂರ್ತಿ ಸಾಮಾಜಿಕ ವಸತಿಗೆಂದೇ 2013ರಲ್ಲಿ ಸಿಎಲ್‌ಟಿಯಲ್ಲಿ ಕಟ್ಟಿದ್ದು, ನಾಲ್ಕು ಗೋಪುರ, ಒಂಬತ್ತೊಂಬತ್ತು ಅಂತಸ್ತು, 124 ಮನೆ. ಮ್ಯೂನಿಕ್‌ನ ಡಾಂಟೆಬಾಡ್‌ನಲ್ಲಿ ಇನ್ನೂ ಜಾಣತನ ಮಾಡಿದರು: ಜಾಗ ಎಲ್ಲಿ ತರೋದು ಅಂತ ಯೋಚಿಸಿ, ಪಾರ್ಕಿಂಗ್ ಜಾಗದ ಮೇಲೆ ಕಾಂಕ್ರೀಟ್ ಕಾಲು ನಿಲ್ಲಿಸಿ, ಅದರ ಮೇಲೆ ಮರದ ರೆಡಿ ಗೋಡೆಗಳಲ್ಲಿ 100 ಸಣ್ಣ ಮನೆ ಕಟ್ಟಿದರು. ಕೆಳಗೆ ಕಾರುಗಳು ಮೊದಲಿನ ಹಾಗೇ ನಿಲ್ಲುತ್ತವೆ. ಮರ ಕಾಂಕ್ರೀಟಿನ ತೂಕದ ಸುಮಾರು ಐದರಲ್ಲೊಂದು ಪಾಲು ತೂಗುವುದರಿಂದ ಇಂಥ ಕಡೆ, ಹಳೆ ಕಟ್ಟಡದ ತಾರಸಿಯ ಮೇಲೂ, ಇದು ನಿಭಾಯಿಸುತ್ತದೆ.

ಇವೆಲ್ಲದರಲ್ಲೂ ಒಂದು ಸಾಮಾನ್ಯ ಸಂಗತಿ ಇದೆ, ಕಣ್ಣಿಗೆ ಬಿದ್ದಿರಬಹುದು. ಕೆಳಗಡೆ ಕಾಂಕ್ರೀಟು. ನೆಲದ ತೇವ, ಗೆದ್ದಲು, ಮಳೆನೀರಿನ ಎರಚಲು ಇವುಗಳಿಂದ ಮರವನ್ನು ಮೇಲೆತ್ತಿ ಇಡುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. "ನೂರಕ್ಕೆ ನೂರು ಮರ" ಅಂತ ಹಟ ಹಿಡಿಯುವವರ ಮಾತನ್ನು ಕೇಳಬೇಡಿ.

ಬೆಂಕಿಗಿಂತ ನೀರಿಗೆ ಹೆದರಿ

ಎಲ್ಲರೂ ಮೊದಲು ಕೇಳುವುದು ಬೆಂಕಿಯ ಬಗ್ಗೆ. ಕೇಳಲೇಬೇಕು. ಆದರೆ ದಿನಾ ಕಾಡುವ ಶತ್ರು ನೀರು.

ಮರದ ತೇವಾಂಶ 20%ಕ್ಕಿಂತ ಮೇಲೆ ತುಂಬಾ ದಿನ ನಿಂತರೆ ಕೊಳೆಸುವ ಬೂಷ್ಟು ಹಿಡಿಯುವ ಅಪಾಯ ಶುರು. ಫ್ಯಾಕ್ಟರಿಯಿಂದ ಬರುವಾಗ ಅದು ಸುಮಾರು 12% ಇರುತ್ತದೆ, ಆ ಎಂಟು ಅಂಕದ ಅಂತರವನ್ನು ಕಾಯುವುದೇ ಇಡೀ ಕೆಲಸ. ತೇವ ನೋಡುವ ಮೀಟರ್ ಅಂಗೈಯಗಲದ್ದು, ಎರಡು ಮೊಳೆಯ ಹಾಗಿನ ಸೂಜಿ ಇರುತ್ತದೆ, ಮರಕ್ಕೆ ಒತ್ತಿದರೆ ಅಂಕಿ ಬರುತ್ತದೆ. ಸೈಟಿಗೆ ಹೋದಾಗ ಹಲಗೆಯ ನಡುಮೈಗೆ ಒತ್ತಿ ತೃಪ್ತಿ ಪಡಬೇಡಿ, ಕೊಯ್ದ ತುದಿಗೆ ಒತ್ತಿ. ಮರ ನೀರು ಕುಡಿಯುವುದು ಆ ತುದಿಯಿಂದ, ಸ್ಟ್ರಾ ಹಾಕಿ ಕುಡಿದಂತೆ. ಕಿಟಕಿಯ ಕೆಳಗಿನ ಮೂಲೆ, ಚಪ್ಪಡಿಯ ಕೆಳ ಅಂಚು, ಸ್ಕ್ರೂ ಹೋದ ತೂತು, ಇವು ನೋಡಬೇಕಾದ ಜಾಗ.

ಕಟ್ಟುವಾಗಿನ ಮಳೆಯ ವಿಚಾರದಲ್ಲಿ ಪೆಟ್ಟಿಗೆ ಮುಂದೆ, ಸುತ್ತಿ ತರುತ್ತಾರೆ, ಒಳಗೆ ಒಣಗಿರುತ್ತದೆ. ಸಿಎಲ್‌ಟಿ ಹಿಂದೆ, ತಾರಸಿ ಮುಚ್ಚುವವರೆಗೆ ನೆಲದ ಚಪ್ಪಡಿಗಳು ಮಳೆಗೆ ಮೈಯೊಡ್ಡಿಕೊಂಡು ಮಲಗಿರುತ್ತವೆ. ಆದರೆ ಜನ ವಾಸಕ್ಕೆ ಬಂದ ಮೇಲೆ ಲೆಕ್ಕ ತಿರುಗುತ್ತದೆ. ನಾನು ನೋಡಿದ ಒಂದು ಪೆಟ್ಟಿಗೆ ಕಟ್ಟಡದಲ್ಲಿ ಕಾರಿಡಾರಿನ ಚಾವಣಿಯಲ್ಲಿ ಚಹಾ ಬಣ್ಣದ ಕಲೆ ಕಂಡಿತ್ತು, ಒಂದು ಊಟದ ತಟ್ಟೆಯಷ್ಟು. ಅದರ ನೇರ ಮೇಲಿದ್ದದ್ದು ಮಲಗುವ ಕೋಣೆ, ಅಲ್ಲಿ ಪೈಪೇ ಇಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಎರಡು ಪೆಟ್ಟಿಗೆ ಆಚೆ, ಬಚ್ಚಲಿನ ನೀರು ಹೋಗುವ ಬಾಯಿಯ ಸುತ್ತ ಸಡಿಲವಾಗಿದ್ದ ಒಂದು ರಬ್ಬರ್ ಬಳೆ. ನೀರು ಎರಡು ಪೆಟ್ಟಿಗೆಗಳ ನಡುವಿನ ಸಂದಿಗೆ ಇಳಿದು, ಅಲ್ಲೇ ಹರಿದು, ಎಲ್ಲೋ ಹೊರಬಂದಿತ್ತು. ಬಳೆಯ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ಮುಟ್ಟಲು ಮೂರು ಮನೆಯವರನ್ನು ಬೇರೆ ಕಡೆ ಕಳಿಸಬೇಕಾಯಿತು.

ಹಾಗಾಗಿ ಯಾವ ವಿಧ ಆರಿಸಿದರೂ ಒಂದು ಷರತ್ತು ಬಿಡಬೇಡಿ: ಪೈಪಿನ ಗೂಡಿಗೆ ಕಾರಿಡಾರ್ ಕಡೆಯಿಂದ ಬಾಗಿಲಿರಬೇಕು, ಬಾಡಿಗೆದಾರರ ಮನೆಯೊಳಗೆ ಹೋಗದೆ ಪ್ಲಂಬರ್ ಕೈ ಹಾಕುವಂತಿರಬೇಕು. ಬಚ್ಚಲುಗಳು ಒಂದರ ಮೇಲೊಂದು ನೇರ ಬರಬೇಕು. ಬಚ್ಚಲಿನ ಕೆಳಗೆ ಸೋರಿದ ನೀರು ಕದ್ದು ಹೋಗದೆ ಕಣ್ಣಿಗೆ ಕಾಣುವ ಕಡೆ ಬಂದು ತೊಟ್ಟಿಕ್ಕುವ ಹಾಗೆ ಒಂದು ತಟ್ಟೆ ಇರಬೇಕು. ಬಚ್ಚಲನ್ನು ಮಾತ್ರ ಪೆಟ್ಟಿಗೆಯಾಗಿ ತರಿಸಿ ಅಂತ ನಾನು ಹೇಳುವುದು ಇದಕ್ಕೇ. ಅತಿ ಹೆಚ್ಚು ತಪ್ಪಾಗುವ ಕೆಲಸ ಫ್ಯಾಕ್ಟರಿಯಲ್ಲಿ ಪರೀಕ್ಷೆಯಾಗಿ ಬರುತ್ತದೆ, ಉಳಿದ ಮನೆ ಬಿಚ್ಚಿ ನೋಡುವ ಹಾಗೆ ಇರುತ್ತದೆ.

ಇನ್ನು ಬೆಂಕಿ. ದಪ್ಪ ಮರ ಉರಿದರೂ ನಿಧಾನವಾಗಿ, ಊಹಿಸಬಹುದಾದ ವೇಗದಲ್ಲಿ ಉರಿಯುತ್ತದೆ, ಪೈನ್, ಸ್ಪ್ರೂಸ್ ಥರದ ಮೆತು ಮರವಾದರೆ ನಿಮಿಷಕ್ಕೆ ಸುಮಾರು 0.65ರಿಂದ 0.7 ಮಿಲಿಮೀಟರ್. ಗಂಟೆಗೆ ನಾಲ್ಕು ಸೆಂಟಿಮೀಟರ್ ಅಂದುಕೊಳ್ಳಿ. ಹೊರಗೆ ಆದ ಇದ್ದಿಲಿನ ಪದರವೇ ಒಳಗಿನ ಮರವನ್ನು ಕಾಯುತ್ತದೆ, ಎಂಜಿನಿಯರ್ ಆ ಸುಡುವ ದಪ್ಪವನ್ನು ಮೊದಲೇ ಸೇರಿಸಿ ಲೆಕ್ಕ ಹಾಕುತ್ತಾರೆ. ಸಿಎಲ್‌ಟಿಯಲ್ಲಿ ಮಾತ್ರ ಒಂದು ಕೇಳಿ: ಅಂಟು ಯಾವುದು? ಕೆಲವು ಅಂಟು ಬಿಸಿಗೆ ಮೆತ್ತಗಾಗಿ ಸುಟ್ಟ ಪದರ ಕಳಚಿ ಬೀಳುತ್ತದೆ, ಒಳಗಿನ ಸುಡದ ಮರ ಸಿಕ್ಕಿ ಬೆಂಕಿ ಮತ್ತೆ ಏಳುತ್ತದೆ. ಶಾಖ ತಾಳುವ ಅಂಟಿನದ್ದೇ ಬೇಕು ಅಂತ ಬರೆಸಿ. ತೆಳು ಚೌಕಟ್ಟಿಗೆ ಈ ಇದ್ದಿಲಿನ ರಕ್ಷೆ ಹೆಚ್ಚು ಸಿಗುವುದಿಲ್ಲ, ಅದನ್ನು ಕಾಯುವುದು ಜಿಪ್ಸಮ್ ಬೋರ್ಡು. ಪೆಟ್ಟಿಗೆಯಲ್ಲಿ ಭಯ ಮತ್ತೆ ಆ ಸಂದಿಯದ್ದೇ. ನೀರು ಹರಿದ ದಾರಿಯಲ್ಲೇ ಹೊಗೆಯೂ ಬೆಂಕಿಯೂ ಹರಿಯುತ್ತವೆ, ಪ್ರತಿ ಅಂತಸ್ತಿಗೂ ಪ್ರತಿ ಮನೆಗೂ ಅಲ್ಲಿ ತಡೆ ತುಂಬಿದ್ದಾರಾ ಅಂತ ಮುಚ್ಚುವ ಮೊದಲೇ ಫೋಟೋ ತೆಗೆಸಿಕೊಳ್ಳಿ. ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ 2017ರಲ್ಲಿ 72 ಜನ ಸತ್ತರು. ಅದು ಕಾಂಕ್ರೀಟಿನ ಸಾಮಾಜಿಕ ವಸತಿ, ಉರಿದದ್ದು ಆಮೇಲೆ ಹೊರಗೋಡೆಗೆ ಹೊದಿಸಿದ ಹಾಳೆ. ಅದಾದ ಮೇಲೆ 2018ರಲ್ಲಿ ಇಂಗ್ಲೆಂಡ್ 18 ಮೀಟರಿಗಿಂತ ಎತ್ತರದ ವಾಸದ ಕಟ್ಟಡಗಳ ಹೊರಗೋಡೆಯಲ್ಲಿ ಉರಿಯುವ ಸಾಮಗ್ರಿಯನ್ನೇ ನಿಷೇಧಿಸಿತು, ಹೊರಗೋಡೆಯ ಸಿಎಲ್‌ಟಿಯೂ ಅದರೊಳಗೆ ಸಿಕ್ಕಿಬಿತ್ತು. ನಿಮ್ಮಲ್ಲಿ ನಿಯಮ ಏನೇ ಇರಲಿ, ನಕ್ಷೆಗೆ ಮುಂಚೆ ವಿಮೆಯವರನ್ನು ಕೇಳಿ. ಕಾನೂನು ಒಪ್ಪಿದರೂ ವಿಮೆ ಒಪ್ಪದೆ ನಿಂತುಹೋಗುವುದುಂಟು.

ಸದ್ದು, ಸೆಕೆ, ಕಾರ್ಬನ್

ತೆಳು ಚೌಕಟ್ಟಿನ ನೆಲದಲ್ಲಿ ಮಾತು ಕೇಳಿಸದಿದ್ದರೂ ಮೇಲಿನ ಮಗು ಓಡಿದ 'ಧಡ್ ಧಡ್' ಕೇಳಿಸುತ್ತದೆ. ಅದಕ್ಕೆ ಮದ್ದು ತೂಕ: ಜಲ್ಲಿಯ ಪದರ, ಮೇಲೆ ಗಾರೆ. ಅದೇ ತೂಕ ಸೆಕೆಗೂ ಆಗುತ್ತದೆ, ಹಗುರ ಮನೆ ಬಿಸಿಲಿಗೆ ಬೇಗ ಕಾಯುತ್ತದೆ. ಕಿಟಕಿಯ ಹೊರಗೆ ನೆರಳು ಕಟ್ಟಲೇಬೇಕು, ಒಳಗಿನ ಪರದೆಯಿಂದ ಉಪಯೋಗ ಕಡಿಮೆ.

ಕಾರ್ಬನ್ ಲೆಕ್ಕದಲ್ಲಿ ಮಾರುವವರು ಜಾಣರು. ಒಂದು ಘನ ಮೀಟರ್ ಮೆತು ಮರ ಸುಮಾರು 0.8 ಟನ್ ಕಾರ್ಬನ್ ಡೈಆಕ್ಸೈಡ್‌ನಷ್ಟು ಇಂಗಾಲವನ್ನು ಹಿಡಿದಿಟ್ಟಿರುತ್ತದೆ, ಸರಿ. ಹಾಗಂತ ಜಾಸ್ತಿ ಮರ ಬಳಸಿದಷ್ಟೂ ಒಳ್ಳೆಯದು ಅಂದರೆ ಒಪ್ಪಬೇಡಿ. ಸಿಎಲ್‌ಟಿಯಲ್ಲಿ ಒಂದು ಮನೆಗೆ ಹೋಗುವ ಮರದಲ್ಲಿ ಚೌಕಟ್ಟಿನ ಮನೆ ಒಂದಕ್ಕಿಂತ ಹೆಚ್ಚು ಕಟ್ಟಬಹುದು. ಕಾಡಿನ ಮರ ಮಿತಿಯದ್ದು, ನಿಮ್ಮ ದುಡ್ಡು ಅದಕ್ಕಿಂತ ಮಿತಿಯದ್ದು. ಮೂರು ನಾಲ್ಕು ಅಂತಸ್ತಿಗೆ ಚೌಕಟ್ಟು ಧಾರಾಳ ಸಾಕು, ಆರು ದಾಟಿದರೆ ಸಿಎಲ್‌ಟಿಯ ಮಾತು ಬರಲಿ. ಮತ್ತೆ ಸ್ಕ್ರೂ ಹಾಕಿದ್ದನ್ನು ನಾಳೆ ಬಿಚ್ಚಿ ಬಳಸಬಹುದು, ಎಲ್ಲ ಕಡೆ ಅಂಟು ಮೆತ್ತಿದ್ದನ್ನು ಆಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಒಬ್ಬಂಟಿಗಳಿಗೆ, ವಿದ್ಯಾರ್ಥಿಗಳಿಗೆ, ತುರ್ತಾಗಿ ಸೂರು ಬೇಕಾದವರಿಗೆ ನೂರಕ್ಕೂ ಹೆಚ್ಚು ಒಂದೇ ಥರದ ಕೋಣೆ, ರಸ್ತೆ ಸಲೀಸು, ಮುಂದೆಯೂ ಅದೇ ಪೆಟ್ಟಿಗೆ ಬೇಕಾಗುವ ಯೋಜನೆಗಳು ಕೈಯಲ್ಲಿವೆ ಅಂದರೆ ಕಣ್ಣುಮುಚ್ಚಿ ಪೆಟ್ಟಿಗೆ ತಗೊಳ್ಳಿ. ಸಂಸಾರಗಳಿಗೆ, ಒಂದು ಕೋಣೆಯಿಂದ ಮೂರು ಕೋಣೆವರೆಗೆ ಬೇರೆ ಬೇರೆ ಅಳತೆಯ ಮನೆ, ನಾಲ್ಕೈದು ಅಂತಸ್ತು, ಸೊಟ್ಟ ಜಾಗ ಅಂದರೆ ಕ್ಲೋಸ್ಡ್ ಪ್ಯಾನೆಲ್, ಜೊತೆಗೆ ಬಚ್ಚಲ ಪೆಟ್ಟಿಗೆ. ಎತ್ತರ ಜಾಸ್ತಿ ಇದ್ದರೆ ಸಿಎಲ್‌ಟಿ. ದುಡ್ಡು ತೀರಾ ಬಿಗಿ, ಊರಲ್ಲಿ ಒಳ್ಳೆಯ ಬಡಗಿಗಳಿದ್ದಾರೆ, ಮಳೆಗಾಲ ತಪ್ಪಿಸಿ ಕಟ್ಟಬಹುದು ಅಂದರೆ ಓಪನ್ ಪ್ಯಾನೆಲ್ಲನ್ನು ಕೀಳಾಗಿ ನೋಡಬೇಡಿ, ಗೋಡೆ ಮುಚ್ಚುವ ಮುಂಚೆ ಒಳಗೆಲ್ಲ ಕಣ್ಣಾರೆ ನೋಡಬಹುದಲ್ವಾ?

ಕ್ಲೋಸ್ಡ್ ಪ್ಯಾನೆಲ್‌ನಲ್ಲಿ ಆ ಕಣ್ಣಾರೆ ನೋಡುವ ಭಾಗ್ಯ ಇಲ್ಲ, ಅಲ್ಲಿ ಜಾಯಿಂಟನ್ನಾದರೂ ನೋಡಲೇಬೇಕು. 1968ರಲ್ಲಿ ಲಂಡನ್ನಿನ ರೋನನ್ ಪಾಯಿಂಟ್‌ನಲ್ಲಿ ಹದಿನೆಂಟನೇ ಮಹಡಿಯಲ್ಲಿ ಗ್ಯಾಸ್ ಸಿಡಿದು ಕಟ್ಟಡದ ಒಂದು ಮೂಲೆಯೇ ಮೇಲಿಂದ ಕೆಳಗಿನವರೆಗೆ ಕುಸಿಯಿತು. ಅದೂ ಫ್ಯಾಕ್ಟರಿ ಗೋಡೆಗಳ ಸಾಮಾಜಿಕ ವಸತಿ, ಕಾಂಕ್ರೀಟಿನದ್ದು. 1986ರಲ್ಲಿ ಅದನ್ನು ಬಿಚ್ಚಿದಾಗ ಗಾರೆ ಇರಬೇಕಾದ ಜಾಯಿಂಟುಗಳಲ್ಲಿ ಹಳೆ ಪೇಪರ್ ತುರುಕಿದ್ದು ಸಿಕ್ಕಿತು. ಜೋಡಣೆಯ ವಿನ್ಯಾಸವೇ ದುರ್ಬಲವಾಗಿತ್ತು, ಮೇಲಿಂದ ಸೈಟಿನಲ್ಲಿ ಜೋಡಿಸಿದ ಕೆಲಸವೂ ಕಳಪೆ.

ಇನ್ನೊಂದು ಸಣ್ಣ ವಿಚಾರ, ಯಾರೂ ಹೇಳುವುದಿಲ್ಲ. ಬಾಡಿಗೆಗೆ ಬಂದವರು ಗೋಡೆಗೆ ಮೊಳೆ ಹೊಡೆಯುತ್ತಾರೆ, ಹೊಡೆಯಬೇಕು ಕೂಡ, ಅದು ಅವರ ಮನೆ. ಗೋಡೆಯೊಳಗಿನ ತೇವ ತಡೆಯುವ ಹಾಳೆ ನೇರ ಬೋರ್ಡಿನ ಹಿಂದೆಯೇ ಇದ್ದರೆ ಪ್ರತಿ ಮೊಳೆಯೂ ಒಂದು ತೂತು. ಹಾಳೆಯ ಮುಂದೆ ನಾಲ್ಕೈದು ಸೆಂಟಿಮೀಟರ್ ಜಾಗ ಬಿಟ್ಟು ಅದರಲ್ಲಿ ವೈರು ಓಡಿಸಿ, ಆಮೇಲೆ ಬೋರ್ಡು ಹೊಡೆಯಿರಿ ಅಂತ ನಕ್ಷೆಯಲ್ಲೇ ಹಾಕಿಸಿ.

ಕೊನೆಗೆ, ಎಲ್ಲಾ ಆರ್ಡರ್ ಒಟ್ಟಿಗೆ ಕೊಡುವ ಮುಂಚೆ ಮೇಲೊಂದು ಕೆಳಗೊಂದು ಎರಡು ಮಾದರಿ ಮನೆ ಕಟ್ಟಿಸಿ, ಅದರ ಫಲಿತಾಂಶ ನೋಡಿ ಮುಂದಿನ ಹಣ ಅಂತ ಒಪ್ಪಂದದಲ್ಲೇ ಬರೆಸಿ. ಮೇಲಿನ ಮನೆಯ ಬಚ್ಚಲಿನ ತೂಬಿಗೆ ಬಟ್ಟೆ ತುರುಕಿ, ಎರಡು ಬೆರಳು ನೀರು ನಿಲ್ಲಿಸಿ, ಬೀಗ ಹಾಕಿಕೊಂಡು ಹೋಗಿ. ಮಾರನೇ ದಿನ ಟಾರ್ಚು, ತೇವದ ಮೀಟರ್ ಎರಡೂ ಹಿಡಿದುಕೊಂಡು ಕೆಳಗಿನ ಮನೆಗೆ ಬನ್ನಿ, ಮಾರಿದವರನ್ನೂ ಜೊತೆಗೆ ಕರೆದುಕೊಂಡು.